ಎ, ಇ, ಐ, ಓ, ಯು ಒಂದೂ ಇಲ್ಲದ ಐದಕ್ಷರದ ಇಂಗ್ಲಿಷ್ ಪದ: ಸುಳಿವು ಕೊಡಿ, ಉತ್ತರ ಬೇಡ

ತೀರ್ಥಹಳ್ಳಿ ತಿರುಗಾಟ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ವಾಟ್ಸಾಪ್ ಗುಂಪಿಗೆ ವರ್ಡಲ್ ಹುಚ್ಚು ಹಿಡಿದು ಮೂರು ವರ್ಷ ಆಯಿತು. ಐದಕ್ಷರದ ಇಂಗ್ಲಿಷ್ ಪದವನ್ನು ಆರು ಸಲದೊಳಗೆ ಊಹಿಸುವ ಆಟ ಅದು: ಅಕ್ಷರ ಸರಿಯಾದ ಮನೆಯಲ್ಲಿದ್ದರೆ ಹಸಿರು, ಬೇರೆ ಮನೆಯಲ್ಲಿದ್ದರೆ ಹಳದಿ, ಇಲ್ಲವೇ ಇಲ್ಲದಿದ್ದರೆ ಬೂದು. ದಿನದ ಪದ ಸಾಲದು ಅಂತ ಭಾನುವಾರ ಅತ್ತಿಗೆ ತಾವೇ ಒಂದು ಪದ ಆರಿಸಿ, ಅದೇ ತರಹದ ಆಟದ ಲಿಂಕ್ ಮಾಡಿ ಕಳಿಸುತ್ತಾರೆ. ಸೋತವರು ಮುಂದಿನ ಸಲ ಎಲ್ಲರೂ ಸೇರಿದಾಗ ಮಸಾಲೆ ದೋಸೆ ಕೊಡಿಸಬೇಕು. ನಾವು ಹದಿಮೂರು ಜನ. ನನ್ನ ಕಷ್ಟ ಗೊತ್ತಾಯಿತಲ್ಲ.

ಇಲ್ಲಿಯವರೆಗೆ ಆದದ್ದು ಇಷ್ಟು. ಮೊದಲು ಆಡಿಯೋ ಹಾಕಿದೆ. ಐದೂ ಬೂದು. ಆಮೇಲೆ ಸ್ಟರ್ನ್, ಅಂದರೆ ಎಸ್-ಟಿ-ಇ-ಆರ್-ಎನ್. ಎಸ್, ಟಿ, ಆರ್ ಹಳದಿ. ಇ ಮತ್ತು ಎನ್ ಬೂದು. ಮೂರನೆಯದು ಫ್ರಾಸ್ಟ್. ಆರ್, ಎಸ್, ಟಿ ಮೂರೂ ಹಸಿರು!

ಈಗ ಎರಡನೆಯ ಅಕ್ಷರ ಆರ್, ನಾಲ್ಕನೆಯದು ಎಸ್, ಐದನೆಯದು ಟಿ. ಒಂದು ಮತ್ತು ಮೂರು ಖಾಲಿ. ಆದರೆ ಎ, ಇ, ಐ, ಓ, ಯು ಐದೂ ಹೋಗಿವೆ. ಸ್ವರವೇ ಇಲ್ಲದೆ ಇಂಗ್ಲಿಷ್ ಪದ ಇರುತ್ತದೆಯೇ? ಅತ್ತಿಗೆ ಸುಮ್ನೆ ಏನೋ ಒತ್ತಿ ಕಳಿಸಿದ್ದಾರೆ ಅಂತ ನನ್ನ ಅನುಮಾನ. ರಾತ್ರಿ ಹತ್ತರವರೆಗೆ ಸಮಯ ಇದೆ. ದಯವಿಟ್ಟು ಉತ್ತರ ಹೇಳಬೇಡಿ, ಸುಳಿವು ಮಾತ್ರ. ಮರ್ಯಾದೆ ಪ್ರಶ್ನೆ.

ರಾಗಿಮುದ್ದೆ

ಮೊದಲ ಸಲವೇ ಓ ಬೂದು ಆಗಿದೆ. ಮೂರನೆಯ ಸಲ ಮತ್ತೆ ಓ ಇರುವ ಪದ ಹಾಕಿದ್ದೀರಿ. ದೋಸೆಗೆ ದುಡ್ಡು ಎತ್ತಿಡಿ.

ತೀರ್ಥಹಳ್ಳಿ ತಿರುಗಾಟ

ಸಿಟ್ಟಿನಲ್ಲಿ ಹಾಕಿದ್ದು ಸ್ವಾಮಿ. ಆದರೂ ಮೂರು ಹಸಿರು ಬಂತಲ್ಲ.

ಗ್ರೆಪ್ ಗಿರಿ

ಇದಕ್ಕೆಲ್ಲ ತಲೆ ಯಾಕೆ ಕೆಡಿಸಿಕೊಳ್ಳುತ್ತೀರಿ? ಲಿನಕ್ಸ್ ಇದ್ದರೆ ಡಿಕ್ಟ್ ಅನ್ನುವ ಫೋಲ್ಡರಿನಲ್ಲಿ ವರ್ಡ್ಸ್ ಅಂತ ಒಂದು ಫೈಲ್ ಸಾಮಾನ್ಯವಾಗಿ ಇರುತ್ತದೆ. ಸಾಲಿಗೊಂದು ಪದ. ಫೈಲಿನೊಳಗೆ ಹುಡುಕುವ ಗ್ರೆಪ್ ಕಮಾಂಡಿಗೆ ಚುಕ್ಕಿ, ಆರ್, ಚುಕ್ಕಿ, ಎಸ್, ಟಿ ಅಂತ ಕೊಡಿ. ಚುಕ್ಕಿ ಅಂದರೆ ಯಾವ ಅಕ್ಷರವಾದರೂ ಸರಿ. ಪದ ಅಲ್ಲೇ ಶುರುವಾಗಿ ಅಲ್ಲೇ ಮುಗಿಯಬೇಕು ಅನ್ನಲು ಶುರುವಿಗೆ ಟೋಪಿ ಚಿಹ್ನೆ, ಕೊನೆಗೆ ಡಾಲರ್ ಚಿಹ್ನೆ ಹಾಕುವುದನ್ನು ಮಾತ್ರ ಮರೆಯಬೇಡಿ. ಮರೆತರೆ ಕ್ರೈಸ್ಟ್, ಅರಿಸ್ಟೋಕ್ರಾಟ್ ಎಲ್ಲ ಮೆರವಣಿಗೆ ಬರುತ್ತವೆ. ಅವುಗಳ ಹೊಟ್ಟೆಯೊಳಗೂ ಇದೇ ಜೋಡಣೆ ಇದೆ.

ಎರಡು ಚಿಹ್ನೆಯನ್ನೂ ಹಾಕಿದರೆ ಹತ್ತಿಪ್ಪತ್ತು ಪದ ಬರಬಹುದು. ಸ್ವರ ಇರುವುದನ್ನೆಲ್ಲ ತೆಗೆಯಿರಿ. ನನ್ನ ಯಂತ್ರದಲ್ಲಿ ಒಂದೇ ಉಳಿಯಿತು.

ಹುಬ್ಬಳ್ಳಿ ಗಿರ್ಮಿಟ್

ಅದು ಆಟ ಅಲ್ರಿ ಗಿರಿ ಅವರ, ಕಳ್ಳತನ. ಹಂಗಾದ್ರ ಪದಬಂಧ ಬಿಡಿಸೋದು ಯಾಕ, ಮರುದಿನದ ಪೇಪರ್ ಬರೋತನ ಕಾದ್ರ ಆತು.

ಗ್ರೆಪ್ ಗಿರಿ

ಕಳ್ಳತನ ಅನ್ನುವುದು ಜಾಸ್ತಿ ಆಯಿತು. ಯಾವ ಅಕ್ಷರ ಎಷ್ಟು ಸಲ ಬರುತ್ತದೆ ಅಂತ ಲೆಕ್ಕ ಹಾಕುವುದೂ ಆಟವೇ. ಅಕ್ಷರದ ಬಿಲ್ಲೆ ಜೋಡಿಸಿ ಪದ ಮಾಡುವ ಸ್ಕ್ರ್ಯಾಬಲ್ ಹುಟ್ಟಿದ್ದೇ ಹಾಗೆ. ಆಲ್ಫ್ರೆಡ್ ಬಟ್ಸ್ ಅನ್ನುವ ಅಮೆರಿಕದ ವಾಸ್ತುಶಿಲ್ಪಿ ಪತ್ರಿಕೆಗಳ ಪುಟ ಮುಂದಿಟ್ಟುಕೊಂಡು ಅಕ್ಷರ ಎಣಿಸಿದ. ಅದನ್ನು ನೋಡಿ ಯಾವ ಬಿಲ್ಲೆ ಎಷ್ಟಿರಬೇಕು, ಯಾವುದಕ್ಕೆ ಎಷ್ಟು ಅಂಕ ಅಂತ ನಿಶ್ಚಯ ಮಾಡಿದ. ಕ್ಯೂ ಮತ್ತು ಝಡ್‌ಗೆ 10 ಅಂಕ ಬಂದದ್ದು ಅದಕ್ಕೇ.

ನಿವೃತ್ತ ಮೇಷ್ಟ್ರು

ತಿರುಗಾಟ ಅವರೇ, ಗಾಬರಿ ಬೇಡ. ನಲವತ್ತು ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಹೇಳಿದ್ದೇನೆ. ಸುಳಿವು ಒಂದು: ಸ್ವರದ ಕೆಲಸವನ್ನು ಇನ್ನೊಂದು ಅಕ್ಷರವೂ ಮಾಡುತ್ತದೆ. ಸ್ಕೈ, ಡ್ರೈ, ಫ್ಲೈ ಬರೆದು ನೋಡಿ. ಸುಳಿವು ಎರಡು: ಒಂದು ಅಕ್ಷರ ಹಸಿರು ಆದ ಮಾತ್ರಕ್ಕೆ ಅದು ಇನ್ನೊಂದು ಮನೆಯಲ್ಲಿ ಕೂರಬಾರದು ಅಂತೇನೂ ಇಲ್ಲ. ಸುಳಿವು ಮೂರು: 1947ರ ಆಗಸ್ಟ್ 14ರ ರಾತ್ರಿ.

ರಾಗಿಮುದ್ದೆ

ಮೇಷ್ಟ್ರೇ, ಮೂರನೆಯದು ಸುಳಿವಲ್ಲ, ಉತ್ತರ ಪತ್ರಿಕೆ.

ಕುಡ್ಲದ ಮೀನು

ಅತ್ತಿಗೆಯನ್ನು ಅನುಮಾನಿಸಿದ್ದು ಸರಿಯಲ್ಲ. ಪದ ಚೆನ್ನಾಗಿಯೇ ಇದೆ.

ತೀರ್ಥಹಳ್ಳಿ ತಿರುಗಾಟ

ಅಯ್ಯೋ!! ಸಿಕ್ಕಿತು. ಸಿಕ್ಕಿತು ಮೇಷ್ಟ್ರೇ. ನಾಲ್ಕನೆಯ ಸಲಕ್ಕೆ ಐದೂ ಹಸಿರು. ನೆಹರೂ ಭಾಷಣ! ಆಗಸ್ಟ್ ಬಂದರೆ ಟೀವಿಯಲ್ಲಿ ಎಷ್ಟು ಸಲ ಕೇಳಿಲ್ಲ. ಟ್ರಿಸ್ಟ್ ವಿತ್ ಡೆಸ್ಟಿನಿ. ಆದರೆ ಆ ಪದದ ಸ್ಪೆಲಿಂಗ್ ಕಡೆ ಜೀವನದಲ್ಲಿ ಒಂದು ಸಲವೂ ಕಣ್ಣು ಹಾಯಿಸಿರಲಿಲ್ಲ. ಟಿ-ಆರ್-ವೈ-ಎಸ್-ಟಿ. ಟಿ ಕೊನೆಗೆ ಕೂತಿದೆ, ಅದರ ಕಥೆ ಮುಗಿಯಿತು ಅಂದುಕೊಂಡಿದ್ದೆ. ಮೊದಲ ಮನೆಯಲ್ಲೂ ಅದೇ ಇತ್ತು.

ಹುಬ್ಬಳ್ಳಿ ಗಿರ್ಮಿಟ್

ಅದು ಟ್ರೈಸ್ಟ್ ಅಲ್ಲೇನ್ರಿ? ನಾ ಇಷ್ಟು ದಿನ ಹಂಗ ಅಂತಿದ್ದೆ.

ನಿವೃತ್ತ ಮೇಷ್ಟ್ರು

ಹಾಗೆ ಹೇಳುವವರೂ ಇದ್ದಾರೆ. ನಿಘಂಟುಗಳಲ್ಲಿ ಟ್ರಿಸ್ಟ್ ಮೊದಲು ಬರುತ್ತದೆ. ಹಳೆಯ ಫ್ರೆಂಚಿನಿಂದ ಬಂದ ಮಾತು. ಬೇಟೆಯಲ್ಲಿ ಮಿಗ ಬರಲಿ ಅಂತ ಕಾದು ನಿಲ್ಲಲು ಗೊತ್ತು ಮಾಡಿದ ಜಾಗಕ್ಕೆ ಆ ಹೆಸರು. ಆಮೇಲೆ ಪ್ರೇಮಿಗಳು ಕದ್ದು ಭೇಟಿಯಾಗಲು ಗೊತ್ತು ಮಾಡಿದ ಜಾಗಕ್ಕೂ ಅದೇ ಅಂಟಿಕೊಂಡಿತು.

ಹತ್ತನೇ ತರಗತಿಯಲ್ಲಿ ಒಬ್ಬ ಹುಡುಗ ನನ್ನನ್ನು ಕೇಳಿದ್ದ: ಸಾರ್, ವಿಧಿಯ ಜೊತೆ ಕದ್ದು ಭೇಟಿ ಯಾಕೆ, ಎದುರಿಗೇ ಬರಬಹುದಿತ್ತಲ್ಲ? ನನ್ನ ಹತ್ತಿರ ಉತ್ತರ ಇರಲಿಲ್ಲ. ಹೊರಗೆ ನಿಲ್ಲು ಅಂದೆ. ಈಗ ನೆನೆದರೆ ಪಾಪ ಅನಿಸುತ್ತದೆ. ಒಳ್ಳೆಯ ಪ್ರಶ್ನೆ ಅದು.

ಚೌಕಾಮಣಿ

ತಡವಾಗಿ ಬಂದೆ. ಸ್ಕ್ರ್ಯಾಬಲ್ ಆಡುವವರಿಗೆ ಇದು ಎರಡನೇ ವಾರದ ಪಾಠ. ಎ, ಇ, ಐ, ಓ, ಯು ಇಲ್ಲದ ಐದಕ್ಷರದ ಪದಗಳು ಬೇಕಾದಷ್ಟಿವೆ: ಕ್ರಿಪ್ಟ್, ಲಿಂಫ್, ನಿಂಫ್, ಗ್ಲಿಫ್, ಪಿಗ್ಮಿ, ಮರ್ (ಧೂಪಕ್ಕೆ ಹಾಕುವ ಅಂಟು, ಎಂ-ವೈ-ಆರ್-ಆರ್-ಎಚ್). ಎಲ್ಲದರಲ್ಲೂ ವೈ ಇರುತ್ತದೆ.

ವೈ ಕೂಡ ಇಲ್ಲದ್ದು ಬೇಕಾ? ಸಿ-ಆರ್-ಡಬ್ಲ್ಯೂ-ಟಿ-ಎಚ್. ಕ್ರೂತ್. ವೇಲ್ಸ್‌ನವರ ಹಳೆಯ ತಂತಿವಾದ್ಯ. ಅವರ ಭಾಷೆಯಲ್ಲಿ ಡಬ್ಲ್ಯೂ ಕೂಡ ಸ್ವರ. ವರ್ಡಲ್ ಮಾಡಿದ ಜಾಶ್ ವಾರ್ಡಲ್ ಬೆಳೆದದ್ದೂ ವೇಲ್ಸ್‌ನಲ್ಲೇ ಅನ್ನುವುದು ಇನ್ನೊಂದು ತಮಾಷೆ.

ರಾಗಿಮುದ್ದೆ

ಇದೆಲ್ಲ ಎಲ್ಲಿ ಕೆಲಸಕ್ಕೆ ಬರುತ್ತೆ ಗುರುವೇ? ಕ್ರೂತ್ ಅಂತ ಯಾರ ಹತ್ತಿರ ಹೇಳಲಿ?

ಚೌಕಾಮಣಿ

ಹೇಳುವುದಕ್ಕಲ್ಲ, ಇಡುವುದಕ್ಕೆ. ಪದದ ಅರ್ಥ ಗೊತ್ತಿರಬೇಕು ಅನ್ನುವ ಕಾನೂನೇ ಇಲ್ಲ. ನ್ಯೂಜಿಲೆಂಡಿನ ನೈಜೆಲ್ ರಿಚರ್ಡ್ಸ್ 2015ರಲ್ಲಿ ಫ್ರೆಂಚ್ ಸ್ಕ್ರ್ಯಾಬಲ್ ಚಾಂಪಿಯನ್ ಆದರು. ಫ್ರೆಂಚ್ ಮಾತಾಡಲು ಬರುತ್ತಿರಲಿಲ್ಲ. ಪದಪಟ್ಟಿ ತಲೆಗೆ ತುಂಬಿಕೊಂಡು ಹೋಗಿದ್ದರು, ಅಷ್ಟೇ. ಅದಕ್ಕೂ ಮುಂಚೆ 2007ರ ವಿಶ್ವ ಚಾಂಪಿಯನ್‌ಶಿಪ್ ನಮ್ಮ ಮುಂಬೈಯಲ್ಲೇ ನಡೆದಿತ್ತು. ಗೆದ್ದದ್ದು ಇವರೇ.

ನಿವೃತ್ತ ಮೇಷ್ಟ್ರು

ಅರ್ಥ ಗೊತ್ತಿಲ್ಲದೆ ಪದ ಗೊತ್ತು ಅನ್ನುವುದು ನನಗೆ ಒಪ್ಪಿಗೆಯಾಗದು. ಅದು ಮಂತ್ರ ಬಾಯಿಪಾಠ ಮಾಡಿದ ಹಾಗೆ.

ಚೌಕಾಮಣಿ

ಮೇಷ್ಟ್ರೇ, ಬಾಯಿಪಾಠದ ಮಂತ್ರವೂ ಮದುವೆ ಮಾಡಿಸುತ್ತದೆ ಅಲ್ವಾ.

ಕೊಲಂಬಸ್ ಕಮಲಿ

ಹಹ್ಹಾ. ಓಹಿಯೋದಿಂದ ನಮಸ್ಕಾರ. ಅರ್ಥ ಗೊತ್ತಿದ್ದರೂ ಸಿಕ್ಕಿಹಾಕಿಕೊಳ್ಳುವುದು ಹೇಗೆ ಅಂತ ನಾನು ಹೇಳುತ್ತೇನೆ. 2022ರ ಮೇ 5ರ ವರ್ಡಲ್ ಪದ ಹೋಮರ್. ಇಲ್ಲಿ ಬೇಸ್‌ಬಾಲ್‌ನ ಹೋಮ್ ರನ್ನಿಗೆ ಹಾಗನ್ನುತ್ತಾರೆ. ಬ್ರಿಟನ್ನಿನವರು ಕೆಂಡವಾದರು. ಎಷ್ಟು ಜನ ನಿಘಂಟು ತೆಗೆದು ನೋಡಿದರು ಅಂದರೆ ಕೇಂಬ್ರಿಡ್ಜ್ ಡಿಕ್ಷನರಿ ಆ ವರ್ಷದ ಪದ ಅಂತ ಅದನ್ನೇ ಆರಿಸಿತು. ನಾನು ಆ ದಿನ ಸೋತೆ. ಇಲ್ಲಿಗೆ ಬಂದು ಹನ್ನೆರಡು ವರ್ಷ ಆಗಿದ್ದರೂ ತಲೆಯೊಳಗೆ ಇನ್ನೂ ಕ್ರಿಕೆಟ್ಟೇ. ಸಿಕ್ಸರ್ ಇಟ್ಟಿದ್ದರೆ ಎರಡೇ ಸಲಕ್ಕೆ ಹೊಡೆಯುತ್ತಿದ್ದೆ. ಅದೂ ಐದೇ ಅಕ್ಷರ!

ನಿವೃತ್ತ ಮೇಷ್ಟ್ರು

ಅದೇ ವರ್ಷದ ಶುರುವಿನಲ್ಲಿ ಫೇವರ್, ಹ್ಯೂಮರ್ ಎರಡೂ ಬಂದಿದ್ದವು. ಯು ಇಲ್ಲದೆ! ನಮಗೆ ಅವು ಆರಕ್ಷರದ ಪದಗಳು. ಯು ಬಿಟ್ಟು ಬರೆದ ಮಕ್ಕಳಿಗೆ ನಾನು ಕೆಂಪು ಶಾಯಿಯಲ್ಲಿ ಗೆರೆ ಎಳೆದು ಅರ್ಧ ಅಂಕ ಕಡಿದಿದ್ದೇನೆ. ಈಗ ಅದೇ ಮಕ್ಕಳು ಅಮೆರಿಕದಿಂದ ಹಸಿರು ಚೌಕ ಕಳಿಸುತ್ತಾರೆ. ಸೇಡು ತೀರಿಸಿಕೊಳ್ಳುವುದು ಅಂದರೆ ಇದೇ ಇರಬೇಕು.

ತೀರ್ಥಹಳ್ಳಿ ತಿರುಗಾಟ

ಇಷ್ಟು ಜನ ಸೇರಿದ್ದೀರಿ, ಒಂದು ಕೇಳಲೇ? ಮೊದಲ ಪದಕ್ಕೆ ಆಡಿಯೋ ಸರಿಯೇ? ನಾಲ್ಕು ಸ್ವರ ಒಂದೇ ಏಟಿಗೆ ಗೊತ್ತಾಗುತ್ತದೆ ಅಂತ ಹಾಕುತ್ತೇನೆ. ನನ್ನ ತಂಗಿ ಅಡ್ಯೂ ಬಿಟ್ಟು ಬೇರೆ ಹಾಕುವುದೇ ಇಲ್ಲ.

ಗ್ರೆಪ್ ಗಿರಿ

ಎರಡೂ ಬೇಡ. ಸ್ವರ ಗೊತ್ತಾದರೆ ಪದ ಗೊತ್ತಾಗುವುದಿಲ್ಲ. ವ್ಯಂಜನ ಗೊತ್ತಾದರೆ ಸ್ವರ ತಾನಾಗಿ ಬಂದು ಕೂರುತ್ತದೆ. ನಿಮ್ಮ ಆಟವನ್ನೇ ನೋಡಿ. ಆಡಿಯೋದಿಂದ ಸಿಕ್ಕಿದ್ದು ಸೊನ್ನೆ. ಸ್ಟರ್ನ್‌ನಿಂದ ಮೂರು.

ವರ್ಡಲ್‌ನ ಮೂಲ ಉತ್ತರಪಟ್ಟಿಯಲ್ಲಿ 2,315 ಪದ ಇದ್ದವು. ಜಾಶ್ ವಾರ್ಡಲ್ ಮೊದಲು ಸುಮಾರು 12,000 ಐದಕ್ಷರದ ಪದ ಕೂಡಿಹಾಕಿದ್ದರು. ಅವರ ಜೊತೆಗಾತಿ ಪಾಲಕ್ ಶಾ ಒಂದೊಂದಾಗಿ ನೋಡಿ, ಜನಕ್ಕೆ ಗೊತ್ತಿರುವುದನ್ನು ಮಾತ್ರ ಉಳಿಸಿದರು. ಆ ಪಟ್ಟಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಬರುವುದು ಇ. ಆಮೇಲೆ ಎ, ಆರ್, ಓ, ಟಿ. ಮೊದಲ ಅಕ್ಷರವಾಗಿ ಎಸ್ ಜಾಸ್ತಿ, ಕೊನೆಯ ಅಕ್ಷರವಾಗಿ ಇ ಮತ್ತು ವೈ. ಎಸ್ ಹಚ್ಚಿ ಮಾಡಿದ ಬರೀ ಬಹುವಚನ ಉತ್ತರವಾಗಿ ಇರಲಿಲ್ಲ.

ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಇಬ್ಬರು ಲೆಕ್ಕ ಹಾಕಿ ತೋರಿಸಿದ ಅತ್ಯುತ್ತಮ ಮೊದಲ ಪದ ಸ್ಯಾಲೆಟ್. ಎಸ್-ಎ-ಎಲ್-ಇ-ಟಿ. ತಪ್ಪಿಲ್ಲದೆ ಆಡಿದರೆ ಸರಾಸರಿ 3.42 ಸಲಕ್ಕೆ ಮುಗಿಯುತ್ತದೆ.

ರಾಗಿಮುದ್ದೆ

ಸ್ಯಾಲೆಟ್ ಅಂದರೆ ಏನು? ಸಲಾಡಿನ ತಮ್ಮನಾ?

ಗ್ರೆಪ್ ಗಿರಿ

ಹಳೆಯ ಕಾಲದ ಸೈನಿಕರ ಶಿರಸ್ತ್ರಾಣ. ಅದೇ ಉತ್ತರವಾಗುವುದಿಲ್ಲ, ಊಹೆಗೆ ಮಾತ್ರ. ಬೇಡ ಅಂದರೆ ಸ್ಲೇಟ್ ಹಾಕಿ. ಅವೇ ಐದು ಅಕ್ಷರ, ಸ್ಥಾನ ಬೇರೆ. ನಾವೆಲ್ಲ ಬರೆಯಲು ಕಲಿತದ್ದೂ ಸ್ಲೇಟಿನಲ್ಲೇ.

ಹುಬ್ಬಳ್ಳಿ ಗಿರ್ಮಿಟ್

ಗಿರಿ ಅವರ, ನಂದೊಂದು ದುಃಖ ಕೇಳ್ರಿ. ಕೊನೆಯ ನಾಲ್ಕು ಅಕ್ಷರ ಹಸಿರು ಬಂದಿತ್ತು, ಐ-ಜಿ-ಎಚ್-ಟಿ. ಲೈಟ್ ಹಾಕಿದೆ, ಅಲ್ಲ. ನೈಟ್ ಹಾಕಿದೆ, ಅಲ್ಲ. ರೈಟ್, ಮೈಟ್. ಆರೂ ಮುಗದವು. ಉತ್ತರ ಟೈಟ್. ಫೋನ್ ಒಗೀಬೇಕು ಅನಿಸ್ತು.

ಗ್ರೆಪ್ ಗಿರಿ

ಅದು ಎಲ್ಲರೂ ಬೀಳುವ ಹಳ್ಳ. ಆಗ ಗೆಲ್ಲಲು ಹೋಗಬಾರದು. ಒಂದು ಸಲ ಬೇಕಂತಲೇ ವ್ಯರ್ಥ ಮಾಡಬೇಕು. ಫಿಲ್ಮ್ಸ್ ಹಾಕಿ ನೋಡಿ. ಎಫ್, ಎಲ್, ಎಂ, ಎಸ್ ನಾಲ್ಕೂ ಒಂದೇ ಏಟಿಗೆ ಪರೀಕ್ಷೆ ಆಗುತ್ತವೆ. ಎಫ್ ಹಸಿರಾದರೆ ಫೈಟ್. ಎಲ್ ಹಳದಿಯಾದರೆ ಲೈಟ್, ಎಂ ಹಳದಿಯಾದರೆ ಮೈಟ್, ಎಸ್ ಹಳದಿಯಾದರೆ ಸೈಟ್. ಈ ನಾಲ್ಕರಲ್ಲಿ ಯಾವುದಕ್ಕೂ ಬಣ್ಣ ಬರಲಿಲ್ಲ ಅಂದರೆ ಎಯ್ಟ್, ನೈಟ್, ರೈಟ್, ಟೈಟ್ ಮಾತ್ರ ಉಳಿಯುತ್ತವೆ. ಹಾರ್ಡ್ ಮೋಡ್ ಹಾಕಿಕೊಂಡಿದ್ದರೆ ಮಾತ್ರ ಈ ಉಪಾಯ ನಡೆಯುವುದಿಲ್ಲ. ಬಂದ ಹಸಿರನ್ನು ಅಲ್ಲೇ ಇಡಬೇಕು.

ಹುಬ್ಬಳ್ಳಿ ಗಿರ್ಮಿಟ್

ಇದನ್ನ ನಿನ್ನೆ ಹೇಳಬೇಕಿತ್ತು ನೋಡ್ರಿ. ಕಳ್ಳ ಅಂದಿದ್ದು ವಾಪಸ್ ತೊಗೊಂಡೆ.

ಬೀದರ್ ಬಿದರಿ

ಕ್ಯೂ ಬಗ್ಗೆ ಯಾರೂ ಮಾತೇ ಎತ್ತಿಲ್ಲ? ಕ್ಯೂ ಬಂದರೆ ಹಿಂದೆ ಯು ಬರಲೇಬೇಕು ಅಂತ ಶಾಲೆಯಲ್ಲಿ ಹೇಳಿಕೊಟ್ಟಿದ್ದರು.

ಚೌಕಾಮಣಿ

ಆಹಾ, ನನ್ನ ಪ್ರೀತಿಯ ವಿಷಯ. ಸ್ಕ್ರ್ಯಾಬಲ್‌ನಲ್ಲಿ ಕ್ಯೂ ಬಿಲ್ಲೆ ಒಂದೇ. ಆಟ ಮುಗಿಯುವಾಗ ಅದು ಕೈಯಲ್ಲೇ ಉಳಿದರೆ ಹತ್ತು ಅಂಕ ಹೋಯಿತು. ಅದಕ್ಕೆ ಯು ಇಲ್ಲದ ಕ್ಯೂ ಪದಗಳನ್ನು ಎಲ್ಲಕ್ಕಿಂತ ಮೊದಲು ಕಲಿಯುತ್ತೇವೆ. ಎರಡಕ್ಷರದ್ದು ಚೀ, ಕ್ಯೂ-ಐ. ಐದಕ್ಷರದವು ನೋಡಿ: ತಲಾಖ್, ಫಕೀರ್, ನಿಕಾಬ್, ಬುರ್ಖಾ, ಕಿಬ್ಲಾ, ಕನಾತ್. ಎಲ್ಲದರಲ್ಲೂ ಕ್ಯೂ ಇದೆ, ಅದರ ಬೆನ್ನಿಗೆ ಯು ಇಲ್ಲ. ಇಂಗ್ಲಿಷಿನವರು ಇವನ್ನು ಪಟ್ಟಿ ನೋಡಿ ಬಾಯಿಪಾಠ ಮಾಡಬೇಕು. ನಮಗೆ ಬೀದಿಯಲ್ಲೇ ಸಿಕ್ಕಿದ ಮಾತುಗಳು. ಕನಾತ್ ಒಂದು ಮಾತ್ರ ನನಗೂ ಪಟ್ಟಿಯಿಂದ ಬಂದದ್ದು. ಏನೋ ಕಾಲುವೆ ಅಂತೆ.

ಬೀದರ್ ಬಿದರಿ

ಏನೋ ಕಾಲುವೆ ಅಂತೀರಾ! ನಮ್ಮ ಊರಿನಲ್ಲೇ ಇದೆ ಸ್ವಾಮಿ. ಬೀದರಿನ ನೌಬಾದ್‌ನಲ್ಲಿ ಕರೇಜ್ ಅನ್ನುತ್ತಾರಲ್ಲ, ಅದು ಇದೇ. ಸುರಂಗ ಬಾವಿ ಅಂತಲೂ ಹೇಳುತ್ತಾರೆ. ಬಹಮನಿ ಕಾಲದ್ದು. ಪರ್ಷಿಯಾ ಕಡೆಯಿಂದ ಬಂದ ವಿದ್ಯೆ. ನೆಲದಡಿ ಉದ್ದಕ್ಕೆ ಸುರಂಗ, ಮೇಲಿನಿಂದ ಅಲ್ಲಲ್ಲಿ ಬಾವಿಯಂತೆ ಕೊರೆದ ಕಂಡಿ. ಪಂಪು, ಏತ ಏನೂ ಇಲ್ಲ, ನೀರು ಇಳಿಜಾರಿಗೆ ತಾನೇ ಹರಿದು ಬರುತ್ತದೆ. ಚಿಕ್ಕವನಿದ್ದಾಗ ಅಂಥ ಕಂಡಿಯೊಂದರೊಳಗೆ ಕಲ್ಲು ಹಾಕಿ ಸದ್ದು ಕೇಳುತ್ತಿದ್ದೆವು. ಸದ್ದು ಬರುವಷ್ಟರಲ್ಲಿ ಅಜ್ಜನ ಬೈಗಳ ಬಂದಿರುತ್ತಿತ್ತು.

ಚೌಕಾಮಣಿ

ಹದಿನೈದು ವರ್ಷದಿಂದ ಆ ಪದ ಇಡುತ್ತಿದ್ದೇನೆ. ಒಂದು ಸಲವೂ ಚಿತ್ರ ಕಣ್ಣಿಗೆ ಬಂದಿರಲಿಲ್ಲ. ಇನ್ನು ಮೇಲೆ ಬರುತ್ತದೆ.

ನಿವೃತ್ತ ಮೇಷ್ಟ್ರು

ಅರ್ಥ ಬೇಡ ಅಂದಿದ್ದವರು ಯಾರೋ?

ಚೌಕಾಮಣಿ

ಒಂದಕ್ಕೆ ರಿಯಾಯಿತಿ ಮೇಷ್ಟ್ರೇ.

ತೀರ್ಥಹಳ್ಳಿ ತಿರುಗಾಟ

ಹಾಗಾದರೆ ನಮ್ಮ ಕಡೆಯದೂ ಒಂದು. ಅಡಿಕೆಗೆ ಇಂಗ್ಲಿಷಿನಲ್ಲಿ ಅರೇಕಾ, ಐದಕ್ಷರ. ಅದು ಕನ್ನಡದಿಂದಲೇ ಹೋದದ್ದು, ಅಲ್ವಾ?

ಕುಡ್ಲದ ಮೀನು

ಅಲ್ಲ. ನಿಘಂಟುಗಳು ಮಲಯಾಳದ ಅಡಕ್ಕ ಅನ್ನುತ್ತವೆ. ಪೋರ್ಚುಗೀಸರ ಬಾಯಿಗೆ ಬಿದ್ದು ಅರೇಕಾ ಆಯಿತು. ನಮ್ಮ ಅಡಿಕೆ ಅದರ ಅಕ್ಕನೋ ತಂಗಿಯೋ. ಬೀಟಲ್, ಅಂದರೆ ವೀಳ್ಯದೆಲೆ, ಮಲಯಾಳದ ವೆಟ್ಟಿಲ. ಕೋಪ್ರಾ ಅಂದರೆ ಕೊಬ್ಬರಿ. ಮ್ಯಾಂಗೋ ಕೂಡ ಅದೇ ಹಡಗು ಹತ್ತಿ ಹೋದದ್ದು. ಎಲ್ಲವೂ ಐದಕ್ಷರ. ಎಲೆ ಅಡಿಕೆ ಇಟ್ಟು ಕರೆಯುವಷ್ಟು ಪದ ಆಯಿತು ನೋಡಿ.

ರಾಗಿಮುದ್ದೆ

ಇಂಗ್ಲಿಷ್ ಸಾಕು. ಕನ್ನಡದಲ್ಲಿ ಇಂಥ ಆಟ ಯಾಕೆ ಅಷ್ಟು ಓಡುವುದಿಲ್ಲ?

ಗ್ರೆಪ್ ಗಿರಿ

ಓಡಿಸಲು ನೋಡಿ ಕೈ ಸುಟ್ಟುಕೊಂಡವನು ನಾನು. ಅಕ್ಷರ ಅಂದರೆ ಏನು ಅನ್ನುವಲ್ಲೇ ಜಗಳ. ಸ್ತ್ರೀ ಅನ್ನುವುದು ನಮಗೆ ಒಂದೇ ಅಕ್ಷರ. ಕಂಪ್ಯೂಟರ್ ಅಕ್ಷರಗಳಿಗೆ ಸಂಖ್ಯೆ ಕೊಡುವ ಯೂನಿಕೋಡ್ ಲೆಕ್ಕದಲ್ಲಿ ಆರು: ಸ, ವಿರಾಮ, ತ, ವಿರಾಮ, ರ, ದೀರ್ಘ ಈ-ಕಾರ. ನನ್ನ ಮೊದಲ ಪ್ರಯತ್ನದಲ್ಲಿ ಕಂಪ್ಯೂಟರ್ ಒಂದೊಂದನ್ನೂ ಬೇರೆ ಬೇರೆ ಚೌಕದಲ್ಲಿ ಕೂರಿಸಿತು. ಒಂದು ಚೌಕದಲ್ಲಿ ಬರೀ ಗುಡಿಸು, ಇನ್ನೊಂದರಲ್ಲಿ ಅನಾಥ ಒತ್ತು. ನೋಡಿದ ಅಮ್ಮ, ಏನೋ ಇದು, ಅಕ್ಷರದ ಮೂಳೆ ಎಲ್ಲ ಕಳಚಿ ಇಟ್ಟಿದ್ದೀಯ ಅಂದರು.

ನಿವೃತ್ತ ಮೇಷ್ಟ್ರು

ಪತ್ರಿಕೆಗಳ ಪದಬಂಧದಲ್ಲಿ ಒತ್ತು, ಗುಣಿತ ಎಲ್ಲ ಸೇರಿ ಒಂದೇ ಮನೆ. ಅದೇ ಸರಿ. ಕನ್ನಡ ಅಂದರೆ ಮೂರು ಮನೆ.

ಗ್ರೆಪ್ ಗಿರಿ

ಸರಿಯೇ. ಆದರೆ ಹಾಗೆ ಮಾಡಿದರೆ ಊಹೆ ಕಷ್ಟ. ಇಂಗ್ಲಿಷಿನಲ್ಲಿ 26ರಲ್ಲಿ ಒಂದು. ನಮ್ಮಲ್ಲಿ ಕ ಒಂದಕ್ಕೇ ಕಾಗುಣಿತದ ಸಾಲೇ ಇದೆ, ಒತ್ತು ಬೇರೆ. ಕ ಹಾಕಿದೆ, ಇರುವುದು ಕಿ. ಹಳದಿ ಕೊಡಬೇಕಾ, ಬೂದಾ? ನಾನು ಮೂಲ ವ್ಯಂಜನ ಸರಿಯಿದ್ದರೆ ಬೇರೆ ಬಣ್ಣ ಅಂತ ಇಟ್ಟೆ. ಆಡಿದವರು ಆರು ಜನ. ಅದರಲ್ಲಿ ಮೂವರು ನಮ್ಮ ಮನೆಯವರು.

ಕೊಲಂಬಸ್ ಕಮಲಿ

ಟ್ರಿಸ್ಟ್ ಕನ್ನಡದಲ್ಲಿ ಬರೆದರೆ ಎರಡೇ ಮನೆ! ಒಂಬತ್ತು ಅಕ್ಷರದ ಸ್ಟ್ರೆಂಗ್ತ್ಸ್ ಕೂಡ ಎರಡು. ಮೇಲಿಂದ ಕೆಳಗೆ ಮಹಡಿ ಕಟ್ಟಬೇಕು ಅಷ್ಟೇ. ಗಿರಿ, ನಿಮ್ಮ ಆಟದ ಲಿಂಕ್ ಕಳಿಸಿ, ಏಳನೆಯವಳು ನಾನಾಗುತ್ತೇನೆ.

ಗ್ರೆಪ್ ಗಿರಿ

ಕಳಿಸುತ್ತೇನೆ. ಹೋಗುವ ಮುಂಚೆ ಒಂದು ಚಾಕಲೇಟು. ಐದು ಪದ, ಐದೈದು ಅಕ್ಷರ, ಒಂದು ಅಕ್ಷರವೂ ಎರಡು ಸಲ ಬರಬಾರದು. ಒಟ್ಟು 25. ಯೂಟ್ಯೂಬಿನ ಮ್ಯಾಟ್ ಪಾರ್ಕರ್ 2022ರಲ್ಲಿ ಇದನ್ನು ಹುಡುಕಲು ಬರೆದ ಪ್ರೋಗ್ರಾಂ ಸುಮಾರು ಒಂದು ತಿಂಗಳು ಓಡಿತು. ನೋಡಿದ ಜನ ಸುಮ್ಮನಿರುತ್ತಾರಾ? ಅದನ್ನೇ ತಿದ್ದಿ ತಿದ್ದಿ ಒಂದು ಸೆಕೆಂಡಿಗೂ ಕಡಿಮೆಗೆ ಇಳಿಸಿದರು. ಒಂದು ಉತ್ತರ: ಫ್ಯೋರ್ಡ್, ಗಕ್ಸ್, ನಿಂಫ್, ವೈಬೆಕ್ಸ್, ವಾಲ್ಟ್ಸ್. ಹೊರಗೆ ಉಳಿದದ್ದು ಕ್ಯೂ ಒಂದೇ.

ಬೀದರ್ ಬಿದರಿ

ಪಾಪ ಕ್ಯೂ. ನಮ್ಮ ಊರಿಗೆ ಬರಲಿ.

ತೀರ್ಥಹಳ್ಳಿ ತಿರುಗಾಟ

ಹತ್ತು ಗಂಟೆ ಆಯಿತು. ಫಲಿತಾಂಶ: ಹನ್ನೆರಡು ಜನ ಪಾಸು. ಸೋತವನು ನಮ್ಮ ಅಣ್ಣ! ಆರನೆಯ ಸಲವೂ ಟ್ರಸ್ಟ್ ಅಂತಲೇ ಹಾಕಿ ಕೂತಿದ್ದಾನೆ, ಯು ಬೂದು ಆಗಿದ್ದರೂ. ಹೆಂಡತಿ ಇಟ್ಟ ಪದ ಗಂಡನಿಗೇ ಗೊತ್ತಾಗಲಿಲ್ಲ. ಅತ್ತಿಗೆ ಈಗ ಹೇಳಿದರು, ಎಂಟನೇ ಕ್ಲಾಸಿನಲ್ಲಿ ಆಗಸ್ಟ್ ಹದಿನೈದಕ್ಕೆ ಆ ಭಾಷಣ ಬಾಯಿಪಾಠ ಒಪ್ಪಿಸಲು ನಿಂತಿದ್ದರಂತೆ. ಮೊದಲ ವಾಕ್ಯ ಆದ ಮೇಲೆ ಏನೂ ನೆನಪಿಗೆ ಬರದೆ ಹಾಗೇ ನಿಂತೇ ಇದ್ದರಂತೆ. ಆ ಒಂದು ಪದ ಮಾತ್ರ ಮರೆತಿಲ್ಲ.

ಮುಂದಿನ ಭಾನುವಾರ ಪದ ಇಡುವ ಸರದಿ ನನ್ನದು. ಕ್ಯೂ-ಎ-ಎನ್-ಎ-ಟಿ ಇಡುತ್ತೇನೆ. ಅತ್ತಿಗೆ ಮಂಗಳೂರಿನವರು, ಬೀದರಿನ ಬಾವಿ ಎಲ್ಲಿ ಗೊತ್ತಿರಬೇಕು?

ರಾಗಿಮುದ್ದೆ

ಅವರು ಇದನ್ನೆಲ್ಲ ಓದುತ್ತಿಲ್ಲ ಅಂತ ಗ್ಯಾರಂಟಿನಾ?

ಕುಡ್ಲದ ಮೀನು

ಬೇರೆ ಪದ ಹುಡುಕು ಮಾರಾಯ.